ಗುಂಯ್ ಅನ್ನುವ ಇನ್ವರ್ಟರ್, ಸುಮ್ಮನಿರುವ ಇನ್ವರ್ಟರ್

ಮೊದಲೇ ಹೇಳಿಬಿಡುತ್ತೇನೆ, ಕಾರಿನ ಬ್ಯಾಟರಿಯಿಂದ ಹಾಡು, ಸೌಂಡು ಅಂತೆಲ್ಲ ನಡೆಸುವುದಿದ್ದರೆ, ಬ್ಯಾಟರಿ ಕರೆಂಟನ್ನು ಮನೆ ಕರೆಂಟಿನ ಹಾಗೆ ಮಾಡಿಕೊಡುವ ಇನ್ವರ್ಟರುಗಳಲ್ಲಿ ಪ್ಯೂರ್ ಸೈನ್ ವೇವನ್ನೇ ತಗೊಳ್ಳಿ. ನಾನು ಮೊದಲು 1,800 ರೂಪಾಯಿಯ 200 ವ್ಯಾಟ್ ಮಾಡಿಫೈಡ್ ಸೈನ್ ವೇವ್ ತಗೊಂಡೆ. ಆರು ತಿಂಗಳಿಗೆ 5,500 ಕೊಟ್ಟು 300 ವ್ಯಾಟಿನ ಪ್ಯೂರ್ ಸೈನ್ ತಂದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ಧೈರ್ಯ ಮಾಡಿಲ್ಲ.

ನಮ್ಮದು ಐದು ಜನರ ಭಜನಾ ತಂಡ. ಹಳ್ಳಿ ಗುಡಿಗಳಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ, ಅದಕ್ಕೇ ಕಾರಿನಿಂದ ವೈರ್ ಎಳೆದು ಕೀಬೋರ್ಡ್, ಸಣ್ಣ ಆಂಪ್ಲಿಫೈಯರ್ ನಡೆಸುತ್ತೇವೆ. ಅಗ್ಗದ್ದನ್ನು ಹಾಕಿದ ಮೊದಲ ದಿನವೇ ಸ್ಪೀಕರಿನಲ್ಲಿ ಗುಂಯ್ ಅಂತ ಶುರು. ಮೈಕ್ ವೈರ್ ಬದಲಿಸಿದೆವು, ಪಿನ್ ತಿರುಗಿಸಿದೆವು, ಕೀಬೋರ್ಡನ್ನೇ ಬೈದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು ನಡುವೆ ಬಂದು "ತಂಬೂರಿ ಯಾವ ಮನೆ ಶ್ರುತಿ?" ಅಂತ ಕೇಳಿದರು. ನಮ್ಮಲ್ಲಿ ತಂಬೂರಿಯೇ ಇರಲಿಲ್ಲ.

ಆಮೇಲೆ ಗೊತ್ತಾಯಿತು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅಲೆಯ ಹಾಗೆ ನಯವಾಗಿ ಏರಿ ಇಳಿಯುತ್ತದೆ, ಪ್ಯೂರ್ ಸೈನ್ ಕೊಡುವುದೂ ಅಂಥದ್ದನ್ನೇ. ಮಾಡಿಫೈಡ್‌ನಲ್ಲಿ ಅದೇ ಅಲೆ ಮೆಟ್ಟಿಲು ಹಾರಿದ ಹಾಗೆ ಜಿಗಿಯುತ್ತದೆ. ಆ ಚೂಪು ಅಂಚುಗಳೇ ಆಂಪ್ಲಿಫೈಯರಿನೊಳಗೆ ನುಗ್ಗಿ ಸದ್ದು ಮಾಡುವುದು. ಕೀಬೋರ್ಡಿನ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಕೂಡ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಹೆಚ್ಚಿನ ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಮಾತ್ರ ಇದು ಲೆಕ್ಕಕ್ಕಿಲ್ಲ, ಅವು ಬಂದ ಕರೆಂಟನ್ನು ಹೇಗೂ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡಿಕೊಳ್ಳುತ್ತವಲ್ವಾ.

ಇನ್ನೊಂದು ವಿಷಯ, ಡಬ್ಬದ ಮೇಲಿನ 200 ವ್ಯಾಟ್ ನಂಬಬೇಡಿ. ಅದನ್ನು ಚುಚ್ಚುವುದು ಸಿಗರೇಟ್ ಲೈಟರ್ ಸಾಕೆಟ್ಟಿಗೆ, ನನ್ನ ಕಾರಿನಲ್ಲಿ ಅದರ ಫ್ಯೂಸ್ 10 ಆಂಪಿಯರ್. ಅಂದರೆ 12 ವೋಲ್ಟ್ ಬ್ಯಾಟರಿಗೆ ಹೆಚ್ಚೆಂದರೆ 120 ವ್ಯಾಟ್. ಮಂಗಳಾರತಿ ಹೊತ್ತಿಗೆ ಯಾರೋ 100 ವ್ಯಾಟಿನ ಬಲ್ಬನ್ನೂ ಸೇರಿಸಿದರು. ಹಾಡು, ಬೆಳಕು ಎರಡೂ ಒಟ್ಟಿಗೇ ಹೋದವು.

ಹೊಸದು ಸೀದಾ ಬ್ಯಾಟರಿಗೆ. ಪೂರ್ತಿ 300 ವ್ಯಾಟ್ ಎಳೆದರೆ, ಇನ್ವರ್ಟರಿನೊಳಗಿನ ನಷ್ಟವೂ ಸೇರಿ ಬ್ಯಾಟರಿಯಿಂದ 28 ಆಂಪಿಯರ್ ಹತ್ತಿರ ಹೋಗುತ್ತದೆ, ಹಾಗಾಗಿ ದಪ್ಪ ವೈರು, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 40 ಆಂಪಿಯರ್ ಫ್ಯೂಸು. ಇದರಲ್ಲಿ ಮಾತ್ರ ಜಿಪುಣತನ ಬೇಡ, ಸಣ್ಣ ವೈರು ಬೆಂಕಿಗೆ ದಾರಿ. ಎಲೆಕ್ಟ್ರಿಷಿಯನ್ನಿಗೆ ಕೊಟ್ಟ 700 ರೂಪಾಯಿಗೆ ಬೇಜಾರಿಲ್ಲ. ಸ್ಪೀಕರ್ ಈಗ ಸುಮ್ನೆ ಇರುತ್ತದೆ. ಒಳಗಿನ ಫ್ಯಾನ್ ಸ್ವಲ್ಪ ಸದ್ದು ಮಾಡುತ್ತದೆ, ಆದರೆ ಅದು ಕಾರಿನಲ್ಲೇ ಉಳಿಯುತ್ತದೆ.

ಬ್ಯಾಟರಿ ಇಳಿದರೆ 10.5 ವೋಲ್ಟಿಗೆ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಅಷ್ಟು ಹೊತ್ತಿಗೆ ಕಾರಿನ ಸೆಲ್ಫೇ ಹೊಡೆಯುವುದಿಲ್ಲ. ಅದಕ್ಕೇ ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಇಂಜಿನ್ ಆನ್ ಇಟ್ಟಿರುತ್ತೇವೆ.

ಬರೀ ಲ್ಯಾಪ್‌ಟಾಪ್ ಚಾರ್ಜ್ ಮಾಡುವವರಿಗೆ ಇವೆರಡೂ ಬೇಡ, ಟೈಪ್-ಸಿ ಚಾರ್ಜಿಂಗ್ ಇದ್ದರೆ 65 ವ್ಯಾಟಿನ ಕಾರ್ ಚಾರ್ಜರ್ ಸಾಕು. ನನ್ನ ಹಳೇ ಇನ್ವರ್ಟರ್ ಡಿಕ್ಕಿಯಲ್ಲಿದೆ, ತಬಲಾದವರ ಫೋನ್ ಚಾರ್ಜಿಗೆ.