ಮೂರು ಸ್ಕಿಡ್ ಸ್ಟೀರ್ ಲೋಡರ್‌ಗಳು: ಫಲಕದ ಮೇಲಿನ ಕಿಲೋ ಮತ್ತು ಫೋರ್ಕಿನ ಮೇಲಿನ ಕಿಲೋ

ಇಳಕಲ್ಲಿನ ನಮ್ಮ ಗ್ರಾನೈಟ್ ಪಾಲಿಶ್ ಘಟಕಕ್ಕೆ ಸ್ಕಿಡ್ ಸ್ಟೀರ್ ಲೋಡರ್ (ಮುಂದಿನ ತೋಳಿಗೆ ಬಕೆಟ್ಟು ಅಥವಾ ಫೋರ್ಕು ಸಿಕ್ಕಿಸಿ ಭಾರ ಎತ್ತುವ ಚಿಕ್ಕ ಯಂತ್ರ) ಕೊಳ್ಳುವ ಮೊದಲು ಮೂರು ಬಗೆಯ ಯಂತ್ರಗಳನ್ನು ಬಾಡಿಗೆಗೆ ತಂದು, ಒಂದೊಂದನ್ನು ಒಂದು ವಾರ ದುಡಿಸಿ ನೋಡಿದೆ. ಕೆಲಸ ಎರಡೇ: ಟೈಲ್ಸ್ ತುಂಬಿದ ಕಟ್ಟಿಗೆಯ ಪೆಟ್ಟಿಗೆಗಳನ್ನು ಫೋರ್ಕಿನಿಂದ ಎತ್ತಿ ಲಾರಿಯಲ್ಲಿ ಇಡುವುದು, ಮತ್ತು ಕಲ್ಲು ಕೊಯ್ಯುವ ಯಂತ್ರಗಳ ಬಳಿ ಕೂಡುವ ಹಸಿ ರಾಡಿಯನ್ನು ಬಕೆಟ್ಟಿನಿಂದ ಬಳಿದು ಟಿಪ್ಪರಿಗೆ ಹಾಕುವುದು.

ಮೊದಲನೆಯದು ಟೈರಿನ ಯಂತ್ರ. ಅದರ ತೋಳು ಕಮಾನಿನಂತೆ ಬಾಗಿದ ದಾರಿಯಲ್ಲಿ ಮೇಲೇರುತ್ತದೆ. ಹೊರಬಹುದಾದ ಭಾರ 650 ಕಿಲೋ ಎಂದು ಅದರ ಫಲಕದ ಮೇಲಿತ್ತು. ನಮ್ಮ ಪೆಟ್ಟಿಗೆಯಲ್ಲಿ 20 ಮಿ.ಮೀ. ದಪ್ಪದ 12 ಚದರ ಮೀಟರ್ ಕಲ್ಲು ಇರುತ್ತದೆ. ಗ್ರಾನೈಟು ಘನ ಮೀಟರಿಗೆ ಸುಮಾರು 2,700 ಕಿಲೋ ತೂಗುವುದರಿಂದ ಚದರ ಮೀಟರಿಗೆ 54 ಕಿಲೋದಂತೆ 648 ಕಿಲೋ ಆಗುತ್ತದೆ. ಕಟ್ಟಿಗೆಯೂ ಸೇರಿ ಕಾಟಾದ (ತೂಕದ ಯಂತ್ರದ) ಮೇಲೆ 690 ಬಂತು. "ಎತ್ತತೈತ್ರಿ ಸಾವಕಾರ್ರ, ಚಿಂತಿ ಮಾಡಬ್ಯಾಡ್ರಿ" ಎಂದ ಚಾಲಕ, ನಿಜಕ್ಕೂ ಹೂ ಎತ್ತಿದಂತೆ ನೆಲದಿಂದ ಎತ್ತಿದ. ಆದರೆ ತೋಳು ಲಾರಿಯ ಪಾಟಾದ (ಸರಕು ಇಡುವ ತಳದ) ಮಟ್ಟಕ್ಕೆ ಬಂದಾಗ ಅವನು ಮುಂದೆ ಸಾಗಿ ತಟ್ಟನೆ ನಿಲ್ಲಿಸಿದ್ದೇ ತಡ, ಹಿಂದಿನ ಗಾಲಿಗಳೆರಡೂ ಒಂದು ಗೇಣು ಮೇಲೆದ್ದು ಕೆಳಗೆ ಬಿದ್ದವು. ಪೆಟ್ಟಿಗೆ ಜಾರಲಿಲ್ಲ, ಅದು ನಮ್ಮ ಪುಣ್ಯ.

ಆ ಸಂಜೆ ಕೈಪಿಡಿ ಬಿಚ್ಚಿ ಕುಳಿತೆ. ಗಟ್ಟಿಯಾದ ಸಮತಟ್ಟು ನೆಲದ ಮೇಲೆ, ತೋಳು ಅತಿ ಹೆಚ್ಚು ಮುಂದಕ್ಕೆ ಚಾಚಿದ ಸ್ಥಿತಿಯಲ್ಲಿ, ಎಷ್ಟು ಭಾರಕ್ಕೆ ಯಂತ್ರದ ಹಿಂಭಾಗ ಮೇಲೇಳುತ್ತದೆಯೋ ಅದು ಮಗುಚುವ ಭಾರ. ಟೈರಿನ ಯಂತ್ರಗಳಿಗೆ ಅದರ ಶೇ. 50ನ್ನು ಮೀರದಂತೆ ಸುರಕ್ಷಿತ ಕಾರ್ಯಭಾರವನ್ನು ನಿಗದಿ ಮಾಡುತ್ತಾರೆ. ನಮ್ಮ ಯಂತ್ರದ್ದು 1,300, ಆದ್ದರಿಂದ 650. ಹೈಡ್ರಾಲಿಕ್ ಪಂಪಿನ ಬಲ ಬೇರೆ, ಯಂತ್ರ ನೆಲಕ್ಕೆ ಕಚ್ಚಿಕೊಂಡು ನಿಲ್ಲುವ ಬಲ ಬೇರೆ ಎಂಬುದನ್ನು ಚಾಲಕರು ಒಪ್ಪುವುದು ಕಷ್ಟ. ಇನ್ನೊಂದು ಸಂಗತಿಯೆಂದರೆ, ಆ 650 ಬಕೆಟ್ಟಿನ ಲೆಕ್ಕ. ಟೇಪು ಹಿಡಿದು ಅಳೆದಾಗ ಮುಂದಿನ ಅಚ್ಚಿನಿಂದ ಬಕೆಟ್ಟಿನ ನಡುವಿಗೆ 1.2 ಮೀಟರ್, ಫೋರ್ಕಿನ ಮೇಲಿನ ಪೆಟ್ಟಿಗೆಯ ನಡುವಿಗೆ 1.5 ಮೀಟರ್ ಇತ್ತು. ಏತದ (ಸನ್ನೆಯ) ಲೆಕ್ಕ ಹಾಕಿದರೆ 650 ಎಂಬುದು 520ಕ್ಕೆ ಇಳಿಯುತ್ತದೆ. ಫೋರ್ಕಿನ ಸಲಕರಣೆಯೇ ಬಕೆಟ್ಟಿಗಿಂತ ಭಾರವಾಗಿದ್ದರೆ ಆ ಹೆಚ್ಚಳವನ್ನೂ ಕಳೆಯಬೇಕು. ಇದು ಅಂದಾಜು ಮಾತ್ರ. ತಯಾರಕರು ಫೋರ್ಕಿಗೆಂದೇ ಕೊಡುವ ಕೋಷ್ಟಕವಿದ್ದರೆ ಅದೇ ಅಂತಿಮ.

ಎರಡನೆಯದೂ ಟೈರಿನದೇ, ಆದರೆ ಹೆಚ್ಚಿನ ಕೀಲುಗಳಿರುವ ಅದರ ತೋಳು ಬಹುಮಟ್ಟಿಗೆ ನೇರವಾಗಿ ಮೇಲೇರುತ್ತದೆ. ಕಮಾನಿನ ತೋಳು ನಡು ಎತ್ತರದಲ್ಲಿ ಭಾರವನ್ನು ಅತಿ ಮುಂದಕ್ಕೆ ಒಯ್ಯುತ್ತದೆ, ಲಾರಿಯ ಪಾಟಾ ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ನೇರ ತೋಳು ಭಾರವನ್ನು ಮೈಗೆ ಹತ್ತಿರವೇ ಇಟ್ಟುಕೊಳ್ಳುತ್ತದೆ. ಇದರ ಮಗುಚುವ ಭಾರ 1,640, ಕಾರ್ಯಭಾರ 820. ಫೋರ್ಕಿಗೆ ಅದೇ ಲೆಕ್ಕದಲ್ಲಿ ಸುಮಾರು 650. ಪೆಟ್ಟಿಗೆಯನ್ನು 10 ಚದರ ಮೀಟರಿಗೆ ಇಳಿಸಿ, 580 ಕಿಲೋ ಹೊರಿಸಿ ವಾರವಿಡೀ ಓಡಿಸಿದೆವು. ಹಿಂದಿನ ಗಾಲಿ ಒಮ್ಮೆಯೂ ಹಗುರಾಗಲಿಲ್ಲ. ಎತ್ತರದ ಟಿಪ್ಪರಿನ ಫಾಳಕೆ (ಅಂಚಿನ ಹಲಗೆ) ದಾಟಿಸಿ ರಾಡಿ ಸುರಿಯುವುದಕ್ಕೂ ಇದೇ ಮೇಲು. ಕೊರತೆಯೆಂದರೆ ಕೀಲುಗಳು ಹೆಚ್ಚು, ದಿನವೂ ಗ್ರೀಸ್ ಹೆಚ್ಚು, ಬೆಲೆಯೂ ಹೆಚ್ಚು.

ಮೂರನೆಯದು ಟೈರಿನ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವಂಥದ್ದು, ಮಾರಾಟಗಾರರು ಬಹಳ ಹೊಗಳಿದ್ದು. ಮಗುಚುವ ಭಾರ 2,000 ಇದ್ದರೂ ಫಲಕದಲ್ಲಿ 700 ಮಾತ್ರ ಬರೆದಿತ್ತು, ಏಕೆಂದರೆ ಪಟ್ಟಿಯ ಯಂತ್ರಗಳಿಗೆ ಶೇ. 35ರ ಲೆಕ್ಕ. ಹೀಗಾಗಿ ಎರಡನೆಯದರ 820ನ್ನೂ ಇದರ 700ನ್ನೂ ನೇರವಾಗಿ ಅಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಅರ್ಧದ ಲೆಕ್ಕ ಹಿಡಿದು ಸಾವಿರ ಕಿಲೋ ಹೇರಬಹುದೆಂದು ಹೇಳಿದವರೂ ಇದ್ದರು, ನಾನು ಒಪ್ಪಲಿಲ್ಲ. ಮಳೆಯಾದ ಮರುದಿನ ಎರೆ ಮಣ್ಣಿನ ಮೇಲೆ ಇದು ಹೂತುಕೊಳ್ಳದೆ ನಡೆದದ್ದು ಮೆಚ್ಚುವಂಥದ್ದೇ. ಆದರೆ ನಮ್ಮ ಅಂಗಳದ ತುಂಬ ಚೂಪಾದ ಗ್ರಾನೈಟ್ ಚಕ್ಕೆಗಳಿದ್ದು, ಒಂದೇ ವಾರದಲ್ಲಿ ಪಟ್ಟಿಯ ಅಂಚು ಹರಿಯತೊಡಗಿದ್ದರಿಂದ ಅದನ್ನು ಮರಳಿ ಕಳಿಸಿದೆ.

ರಾಡಿಯ ವಿಷಯದಲ್ಲಿ ಮೂರೂ ಒಂದೇ ಪಾಠ ಹೇಳಿದವು. 0.4 ಘನ ಮೀಟರಿನ ಬಕೆಟ್ಟಿನಲ್ಲಿ ಒಣ ಉಸುಕು ಸುಮಾರು 640 ಕಿಲೋ. ಅದೇ ಉಸುಕು ನೀರು ಕುಡಿದರೆ 750ನ್ನು ದಾಟುತ್ತದೆ. ನಮ್ಮ ಹಸಿ ರಾಡಿಯೂ ಕಾಟಾದ ಮೇಲೆ ಅಷ್ಟೇ ಬಂತು. ಬಕೆಟ್ಟು ತುಂಬಿದ್ದು ಕಣ್ಣಿಗೆ ಒಂದೇ ತರಹ ಕಾಣುವುದರಿಂದ ಮೊದಲನೆಯ ಯಂತ್ರ ಎಷ್ಟು ಸಲ ಮಿತಿ ಮೀರಿತ್ತೋ ಹೇಳಲಾರೆ. ಹಿಂಭಾಗ ಏಳದಿರಲೆಂದು ಇಬ್ಬರು ಆಳುಗಳನ್ನು ಯಂತ್ರದ ಹಿಂದೆ ಹತ್ತಿಸಿ ನಿಲ್ಲಿಸುವ ರೂಢಿಯನ್ನು ಅನೇಕ ಅಂಗಳಗಳಲ್ಲಿ ಕಂಡಿದ್ದೇನೆ. ನಮ್ಮಲ್ಲಿ ಅದನ್ನು ಮೊದಲ ದಿನವೇ ನಿಲ್ಲಿಸಿದೆ. ಇಳಿಜಾರಿನಲ್ಲಿ ಯಂತ್ರದ ಹೆಚ್ಚು ಭಾರವಿರುವ ತುದಿ ಏರಿನ ಕಡೆಗೇ ಇರಬೇಕು: ಹೊರೆಯಿದ್ದಾಗ ಮುಖ ಮುಂದಾಗಿ ಏರುವುದು, ಹಿಮ್ಮುಖವಾಗಿ ಇಳಿಯುವುದು, ಬರಿದಾಗಿದ್ದಾಗ ಇದರ ತಿರುಗುಮುರುಗು.

ಕೊನೆಗೆ ಎರಡನೆಯದನ್ನೇ ಕೊಂಡೆ. ಅದರ ಬಕೆಟ್ಟಿನ ಒಳಗೆ ಹಸಿ ರಾಡಿಗೆ ಎಲ್ಲಿಯವರೆಗೆ ಎಂದು ಹಳದಿ ಬಣ್ಣದ ಗೆರೆ ಎಳೆಸಿದ್ದೇನೆ, ಪೆಟ್ಟಿಗೆ ತುಂಬುವ ಹುಡುಗರಿಗೆ ಗೋಡೆಯ ಮೇಲೆ "10 ಚದರ ಮೀಟರ್ ಮಾತ್ರ" ಎಂದು ಬರೆಸಿದ್ದೇನೆ. ಗೆರೆ ತಿಂಗಳಿಗೊಮ್ಮೆ ಸವೆದುಹೋಗುತ್ತದೆ, ಮತ್ತೆ ಬಳಿಸುತ್ತೇನೆ.