ಅಂಬಾಸಿಡರ್‌ನ ಹಳೆಯ ಲ್ಯೂಕಾಸ್ ಡೈನಮೋ: ಪುನರ್ನಿರ್ಮಾಣ ಮತ್ತು ಬಣ್ಣದ ಕೆಲಸದ ಬಗ್ಗೆ ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ನಮ್ಮ ಮನೆಯ 1966ರ ಅಂಬಾಸಿಡರ್ ಮಾರ್ಕ್ 2 ಕಾರಿನ ಮೂಲ ಡೈನಮೋವನ್ನು (ಬ್ಯಾಟರಿ ಚಾರ್ಜ್ ಮಾಡುವ ವಿದ್ಯುತ್ ಜನಕವನ್ನು) 2020ರ ಕೊನೆಯಲ್ಲಿ ಬೆಂಗಳೂರಿನ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪೂರ್ತಿ ಬಿಚ್ಚಿಸಿ, ರಿವೈಂಡಿಂಗ್ (ಒಳಗಿನ ತಂತಿಯನ್ನು ಮತ್ತೆ ಸುತ್ತುವ ಕೆಲಸ) ಮಾಡಿಸಿ, ಹೊಸದಾಗಿ ಬಣ್ಣ ಹಾಕಿಸಿದೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ವಿಮರ್ಶಿಸುತ್ತಿರುವುದು ಕೆಲಸವನ್ನು. ಇಂಥ ಕೆಲಸ ಮಾಡಿಸಿದ ವಾರದಲ್ಲೇ ಹೊಗಳಿ ಬರೆದವರು ಅನೇಕರಿದ್ದಾರೆ, ಆದರೆ ಡೈನಮೋದ ಗುಣ ತಿಳಿಯುವುದು ಒಂದಷ್ಟು ಬೇಸಿಗೆ, ಮಳೆಗಾಲಗಳು ಕಳೆದ ಮೇಲೆಯೇ. ಅಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಇದು: ಅಳತೆ ಮಾಡಿ ಕೆಲಸ ಮಾಡುವವರು ಸಿಕ್ಕರೆ ಮೂಲ ಡೈನಮೋವನ್ನೇ ಉಳಿಸಿಕೊಳ್ಳಬೇಕು, ಹೊರಗಿನ ಬಣ್ಣದ ಹೊಳಪನ್ನು ನೋಡಿ ಒಳಗಿನ ಕೆಲಸವನ್ನು ನಂಬಬಾರದು.

ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಕಾರುಗಳ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಎಂಜಿನ್‌ನ ಪಕ್ಕದಲ್ಲಿ, ಫ್ಯಾನ್ ಬೆಲ್ಟ್‌ನಿಂದ ತಿರುಗುವ ಉದ್ದನೆಯ ಕಪ್ಪು ಸಿಲಿಂಡರೇ ಡೈನಮೋ. ನಮ್ಮ ಕಾರಿನದು ಲ್ಯೂಕಾಸ್ ಕಂಪನಿಯ ಸಿ 40 ಮಾದರಿ. ಇದು 12 ವೋಲ್ಟ್ ವ್ಯವಸ್ಥೆಗೆ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಅದೂ ಡೈನಮೋ ಸುಮಾರು 2250 ಆರ್‌ಪಿಎಂ ವೇಗದಲ್ಲಿ ತಿರುಗುವಾಗ. ಈ ಮಿತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಬರುವ ಅರ್ಧ ಅಸಮಾಧಾನ ಕಡಿಮೆಯಾಗುತ್ತದೆ.

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್ ಆಗುತ್ತಿಲ್ಲವೆಂದು ತೋರಿಸುವ ಕೆಂಪು ಇಗ್ನಿಷನ್ ದೀಪ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಆರದ ಸ್ಥಿತಿಗೆ ಬಂದಿತ್ತು. ಅಂಗಡಿಯ ಹಿರಿಯ ಕೆಲಸಗಾರರು ಡೈನಮೋವನ್ನು ಕಾರಿನಿಂದ ಇಳಿಸುವ ಮೊದಲು ಮಾಡಿದ ಪರೀಕ್ಷೆಯಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಡಿ (ವಿದ್ಯುತ್ ಹೊರಬರುವ) ಮತ್ತು ಎಫ್ (ಫೀಲ್ಡ್ ಕಾಯಿಲ್‌ನ) ಟರ್ಮಿನಲ್‌ಗಳ ವೈರುಗಳನ್ನು ತೆಗೆದು, ಆ ಎರಡು ಟರ್ಮಿನಲ್‌ಗಳನ್ನೂ ತುಂಡು ತಂತಿಯಿಂದ ಜೋಡಿಸಿ, ಅಲ್ಲಿಂದ ಕಾರಿನ ಲೋಹದ ಮೈಗೆ ವೋಲ್ಟ್‌ಮೀಟರ್ ಹಿಡಿದು, ಎಂಜಿನ್ ವೇಗವನ್ನು ನಿಧಾನವಾಗಿ ಏರಿಸುವುದು ಆ ಪರೀಕ್ಷೆಯ ಕ್ರಮ. ಆರೋಗ್ಯವಾದ ಡೈನಮೋ ಆದರೆ ಮುಳ್ಳು ತಡವರಿಸದೆ 20 ವೋಲ್ಟ್‌ವರೆಗೆ ಏರುತ್ತದೆ. ಏನೂ ಬಾರದಿದ್ದರೆ ತಿರುಗುವ ಭಾಗದಿಂದ ವಿದ್ಯುತ್ ಹೊರತರುವ ಇಂಗಾಲದ ಬ್ರಷ್‌ಗಳನ್ನು ನೋಡಬೇಕು. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬಂದರೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್ ಮೇಲೆ ಅನುಮಾನ. ನಾಲ್ಕೈದು ವೋಲ್ಟ್‌ಗೆ ನಿಂತರೆ ಒಳಗೆ ತಿರುಗುವ, ತಂತಿ ಸುತ್ತಿದ ಆರ್ಮೇಚರ್ ಮೇಲೆ. ನಮ್ಮದು ನಾಲ್ಕೂವರೆಯ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಬಿಚ್ಚುವ ಮುನ್ನವೇ ರೋಗ ಎಲ್ಲಿದೆಯೆಂದು ಗೊತ್ತಾಗಿದ್ದರಿಂದ ಅನಗತ್ಯ ಭಾಗಗಳಿಗೆ ಹಣ ಕೊಡುವುದು ತಪ್ಪಿತು. ಇಷ್ಟನ್ನೂ ಮಾಡದೆ ‘ಬಿಟ್ಟು ಹೋಗಿ, ನೋಡುತ್ತೇವೆ’ ಎನ್ನುವ ಅಂಗಡಿಗೆ ಡೈನಮೋ ಕೊಡಬಾರದು ಎಂಬುದು ನನ್ನ ಖಚಿತ ಸಲಹೆ.

ಎರಡು ಉದ್ದನೆಯ ಬೋಲ್ಟುಗಳನ್ನು ಕಳಚಿ ಹಿಂದಿನ ಮುಚ್ಚಳ ತೆಗೆದಾಗ, ಯೋಕ್ ಎಂದು ಕರೆಯುವ ಹೊರಕವಚದ ಒಳಮೈಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಸೀಸದ ಹನಿಗಳು ಒಂದು ವೃತ್ತದಂತೆ ಅಂಟಿಕೊಂಡಿದ್ದವು. ಆರ್ಮೇಚರ್ ತಂತಿಗಳನ್ನು ಕಮ್ಯುಟೇಟರ್‌ಗೆ (ಬ್ರಷ್‌ಗಳು ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಗೆ) ಬೆಸೆದಿದ್ದ ಸೋಲ್ಡರ್ ಅತಿಯಾದ ಬಿಸಿಗೆ ಕರಗಿ, ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ ಅಲ್ಲಿ ಗಟ್ಟಿಯಾಗಿತ್ತು. ಶಕ್ತಿಮೀರಿ ದುಡಿದ ಡೈನಮೋದ ಗುರುತು ಇದೇ. ಹಿಂದೆ ಯಾರೋ ಕಟೌಟ್ ಪೆಟ್ಟಿಗೆಯ (ಡೈನಮೋದ ವೋಲ್ಟೇಜನ್ನು ಹತೋಟಿಯಲ್ಲಿಟ್ಟು, ಅದನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಪೆಟ್ಟಿಗೆಯ) ಸ್ಕ್ರೂಗಳನ್ನು ಮನಬಂದಂತೆ ತಿರುಗಿಸಿದ್ದು ಇದರ ಮೂಲವೆಂದು ಆಮೇಲೆ ತಿಳಿಯಿತು. ಆದ್ದರಿಂದ ಡೈನಮೋವನ್ನು ಮಾತ್ರ ದುರಸ್ತಿ ಮಾಡಿಸಿ ಕಟೌಟನ್ನು ಹಾಗೆಯೇ ಬಿಟ್ಟರೆ ಹೊಸ ವೈಂಡಿಂಗ್ ಕೂಡ ಅದೇ ದಾರಿ ಹಿಡಿಯುತ್ತದೆ.

ಆರ್ಮೇಚರ್‌ಗೆ ಹೊಸ ಎನಾಮಲ್ ತಾಮ್ರದ ತಂತಿ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿದರು. ಕಮ್ಯುಟೇಟರನ್ನು ಲೇತ್ ಮೇಲೆ ತೆಳುವಾಗಿ ಒರೆದು, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಸುಮಾರು 0.8 ಮಿಲಿಮೀಟರ್ ಆಳಕ್ಕೆ ತಗ್ಗಿಸಿದರು. ಈ ಕೊನೆಯ ಕೆಲಸಕ್ಕೆ ಯಂತ್ರವೇನೂ ಇರಲಿಲ್ಲ. ಪಕ್ಕಗಳನ್ನು ಉಜ್ಜಿ ತೆಳ್ಳಗೆ ಮಾಡಿದ ಹ್ಯಾಕ್‌ಸಾ ಬ್ಲೇಡಿನ ತುಂಡೊಂದನ್ನು ಹಿಡಿದು ಒಂದೊಂದೇ ಸಂದನ್ನು ಕೆರೆಯುತ್ತ ಹೋದರು. ಮೈಕಾ ತಾಮ್ರಕ್ಕಿಂತ ನಿಧಾನವಾಗಿ ಸವೆಯುತ್ತದೆ. ತಗ್ಗಿಸದೆ ಬಿಟ್ಟರೆ ತಾಮ್ರ ಸವೆದಂತೆ ಮೈಕಾ ಮೇಲೆದ್ದು, ಬ್ರಷ್ ಪ್ರತಿ ಪಟ್ಟಿಯಲ್ಲೂ ಎಗರುತ್ತದೆ, ಕಿಡಿ ಹೆಚ್ಚುತ್ತದೆ. ಹೊಸ ಬ್ರಷ್‌ಗಳನ್ನು ಕಮ್ಯುಟೇಟರಿನ ದುಂಡನೆಯ ಮೈಗೆ ಕೂರಿಸಲು ಅವರು ಎಮೆರಿ ಕಾಗದವನ್ನು ಬಳಸದೆ ನುಣುಪಾದ ಗಾಜಿನ ಕಾಗದವನ್ನು (ಗ್ಲಾಸ್ ಪೇಪರ್) ಬಳಸಿದ್ದನ್ನೂ ನಾನು ಗಮನಿಸಿದೆ. ಎಮೆರಿಯ ಕಣ ಬ್ರಷ್‌ನಲ್ಲಿ ಕಚ್ಚಿಕೊಂಡರೆ ಅದು ಕಮ್ಯುಟೇಟರನ್ನೇ ಕೊರೆಯುತ್ತದೆ.

ಫೀಲ್ಡ್ ಕಾಯಿಲ್‌ಗಳ ಒಟ್ಟು ರೋಧ 6 ಓಮ್‌ಗೆ ಸರಿಯಾಗಿಯೇ ಇತ್ತು. ಅವುಗಳ ಹತ್ತಿಯ ಪಟ್ಟಿ ಮಾತ್ರ ಹಳತಾಗಿತ್ತು. ಹೊಸ ಪಟ್ಟಿ ಸುತ್ತಿ ವಾರ್ನಿಷ್ ಹಚ್ಚಿದರು.

ನನ್ನ ಲೆಕ್ಕದಲ್ಲಿ ಈ ಡೈನಮೋದ ಆಯುಸ್ಸನ್ನು ನಿರ್ಧರಿಸುವುದು ವೈಂಡಿಂಗ್‌ಗಿಂತ ಹೆಚ್ಚಾಗಿ, ತಿರುಗುವ ದಂಡವನ್ನು ಹೊರುವ ಹಿಂಬದಿಯ ಕಂಚಿನ ಬುಷ್. ಪುಲ್ಲಿಯ ಕಡೆ ಬಾಲ್ ಬೇರಿಂಗ್ ಇದ್ದರೆ, ಕಮ್ಯುಟೇಟರ್ ಕಡೆ ಇರುವುದು ಎಣ್ಣೆ ಹೀರಿಕೊಳ್ಳುವ ರಂಧ್ರಮಯ ಕಂಚಿನ ಚಿಕ್ಕ ಬುಷ್. ಅದು ಸವೆದರೆ ಆರ್ಮೇಚರ್ ಓಲಾಡಿ, ಫೀಲ್ಡ್ ಕಾಯಿಲ್‌ಗಳನ್ನು ಹಿಡಿದಿರುವ ಕಬ್ಬಿಣದ ಪೋಲ್ ಶೂಗಳಿಗೆ ತಗಲುತ್ತದೆ, ಆಮೇಲೆ ಎಷ್ಟು ಒಳ್ಳೆಯ ರಿವೈಂಡಿಂಗ್ ಆದರೂ ವ್ಯರ್ಥ. ಹೊಸ ಬುಷ್ಷನ್ನು ಕೂರಿಸುವ ಮೊದಲು ತೆಳುವಾದ ಎಂಜಿನ್ ಎಣ್ಣೆಯಲ್ಲಿ 24 ಗಂಟೆ ಮುಳುಗಿಸಿಡಬೇಕು. ಕೂರಿಸಿದ ಮೇಲೆ ಒಳವ್ಯಾಸವನ್ನು ರೀಮರ್ ಹಾಕಿ ಅಗಲಿಸಬಾರದು, ಏಕೆಂದರೆ ಕಂಚಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿ ಎಣ್ಣೆ ಒಸರುವುದು ನಿಲ್ಲುತ್ತದೆ. ಅಂಗಡಿಯವರು ಬುಷ್ಷನ್ನು ಒಂದು ಹಗಲು, ಒಂದು ರಾತ್ರಿ ಎಣ್ಣೆಯ ಡಬ್ಬಿಯಲ್ಲಿ ಇಟ್ಟಿದ್ದರು, ಹಿಂದಿರುವ ಫೆಲ್ಟ್ ಉಂಗುರವನ್ನೂ ಬದಲಿಸಿದರು. ಅಂದಿನಿಂದ ಇಂದಿನವರೆಗೆ ಹಿಂಭಾಗದಿಂದ ಒಂದು ಕಿರುಗುಟ್ಟುವ ಶಬ್ದವೂ ಬಂದಿಲ್ಲ. ಪ್ರತಿ ಸರ್ವಿಸ್‌ನಲ್ಲಿ ಹಿಂದಿನ ಸಣ್ಣ ತೂತಿಗೆ ಎರಡು ಮೂರು ಹನಿ ಎಂಜಿನ್ ಎಣ್ಣೆ ಬಿಡುತ್ತೇನೆ. ಪ್ರೀತಿಯಿಂದ ಹೆಚ್ಚು ಬಿಟ್ಟರೆ ಎಣ್ಣೆ ಕಮ್ಯುಟೇಟರಿಗೆ ಹರಿದು ಬ್ರಷ್ ಪುಡಿಯೊಂದಿಗೆ ಸೇರಿ ಕರಿಯ ಕೆಸರಾಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಡೈನಮೋ ಮೇಲೆ ಯಾರೋ ಬೆಳ್ಳಿ ಬಣ್ಣ ಬಳಿದಿದ್ದರು. ಅದನ್ನು ಕೆರೆದಾಗ ಕೆಳಗೆ ಹೊಳೆಯುವ ಕಪ್ಪು ಸಿಕ್ಕಿತು; ಮತ್ತೆ ಅದೇ ಬಣ್ಣವೇ ಆಗಬೇಕೆಂದು ನಾನು ಕೇಳಿಕೊಂಡೆ. ಮೊದಲು ಪೌಡರ್ ಕೋಟಿಂಗ್ ಮಾಡಿಸೋಣವೇ ಎಂಬ ಮಾತೂ ಬಂದಿತ್ತು. ಆದರೆ ಪೌಡರ್ ಕೋಟಿಂಗ್ ಗಟ್ಟಿಯಾಗಲು 180 ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಫೀಲ್ಡ್ ಕಾಯಿಲ್‌ಗಳು ಒಳಗಿರುವಾಗ ಆ ಒಲೆಗೆ ಯೋಕನ್ನು ಇಟ್ಟರೆ ಹತ್ತಿಯ ಪಟ್ಟಿಯೂ ವಾರ್ನಿಷ್ಷೂ ಸುಟ್ಟುಹೋಗುತ್ತವೆ. ಕಾಯಿಲ್ ತೆಗೆಸಬೇಕೆಂದರೆ ಪೋಲ್ ಶೂಗಳ ದಪ್ಪ ಸ್ಕ್ರೂಗಳನ್ನು ಬಿಚ್ಚಬೇಕು, ಮತ್ತೆ ಕೂರಿಸುವಾಗ ಶೂಗಳು ಯೋಕ್‌ಗೆ ಬಿಗಿಯಾಗಿ ಅಂಟಿಕೊಳ್ಳುವಂತೆ ವಿಶೇಷ ಸಲಕರಣೆಯಿಂದ ಒತ್ತಬೇಕು. ನಮ್ಮಲ್ಲಿ ಹೇಗಿದ್ದರೂ ಪಟ್ಟಿ ಬದಲಿಸಲು ಕಾಯಿಲ್‌ಗಳು ಹೊರಗೆ ಬಂದಿದ್ದವು, ಆದರೂ ದಪ್ಪ ಪದರ ಶಾಖವನ್ನು ಒಳಗೇ ಹಿಡಿದಿಡುತ್ತದೆ ಎಂಬ ಕಾರಣಕ್ಕೆ ತೆಳುವಾದ ಎಂಜಿನ್ ಎನಾಮಲ್ ಅನ್ನೇ ಆರಿಸಿದೆವು. ಖಾಲಿ ಯೋಕನ್ನು ಬರಿಯ ಲೋಹದವರೆಗೆ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಪ್ರೈಮರ್‌ನ ಒಂದು ಪದರ, ಅದರ ಮೇಲೆ ಕಪ್ಪಿನ ಎರಡು ತೆಳು ಪದರ ಹೊಡೆದರು. ಯೋಕ್ ಮೇಲೆ ಒತ್ತಿದ್ದ ಮಾದರಿ ಸಂಖ್ಯೆ ಬಣ್ಣದಲ್ಲಿ ತುಂಬಿಹೋಗದಂತೆ ಅಲ್ಲಿ ಪ್ರೈಮರ್ ಇನ್ನೂ ತೆಳುವಾಗಿತ್ತು. ಈಗಲೂ ಬೆರಳಾಡಿಸಿದರೆ ಅಂಕಿಗಳ ಅಂಚು ತಿಳಿಯುತ್ತದೆ.

ಬಣ್ಣ ಎಲ್ಲಿ ಹಾಕಬಾರದು ಎನ್ನುವುದು ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಮುಖ್ಯ. ಡೈನಮೋದ ವಿದ್ಯುತ್ ಮರಳುವ ದಾರಿ ಅದರ ಮೈಯೇ: ಬ್ರಾಕೆಟ್, ಬೋಲ್ಟು, ಎಂಜಿನ್ ಬ್ಲಾಕ್ ಮೂಲಕ ಕಾರಿನ ಮೈಗೆ. ಯೋಕಿನ ಎರಡು ತುದಿಗಳು ಬ್ರಾಕೆಟ್‌ಗೆ ಕೂರುವ ಅಂಚು, ಅಡಿಯ ಹಿಡಿಕೆಯ ಕಿವಿಗಳು, ಬೆಲ್ಟ್ ಬಿಗಿಮಾಡುವ ಪಟ್ಟಿ ಕೂರುವ ಜಾಗ, ಇವೆಲ್ಲವೂ ಬರಿಯ ಲೋಹವಾಗಿಯೇ ಇರಬೇಕು. ಅಂದವಾಗಿ ಪೂರ್ತಿ ಬಣ್ಣ ಬಳಿದು ತಂದ ಡೈನಮೋ ಚಾರ್ಜ್ ಮಾಡದೆ ಸತಾಯಿಸುವುದಕ್ಕೆ ಇದೊಂದೇ ಕಾರಣ ಸಾಕು. ಈ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿದ್ದರು. ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಪುಲ್ಲಿಯ ಬೆಲ್ಟ್ ಕೂರುವ ಕಣಿವೆಗೂ ಬಣ್ಣ ತಾಗಿಸಿರಲಿಲ್ಲ.

ಅಂಕ ಕಡಿಮೆಯಾಗುವುದು ಮುಂದಿನ ಅಲ್ಯೂಮಿನಿಯಂ ಬ್ರಾಕೆಟ್ ವಿಷಯದಲ್ಲಿ. ಅದನ್ನು ಬರಿದಾಗಿ ಬಿಡಬೇಕಿತ್ತು. ಯೋಕ್‌ಗೆ ಬಳಸಿದ ಪ್ರೈಮರನ್ನೇ ಬಳಿದು ಬೆಳ್ಳಿ ಬಣ್ಣ ಹಾಕಿದರು. ಅಲ್ಯೂಮಿನಿಯಂ ಮೇಲೆ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ಸವೆಸಿ ಹಿಡಿಯುವ ಪ್ರೈಮರ್, ಇಲ್ಲದೆ ಬಣ್ಣ ಹಿಡಿಯುವುದಿಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಪುಲ್ಲಿಯ ಹಿಂದಿನ ಅಂಚಿನಿಂದ ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿತು. ಯೋಕಿನ ಕಪ್ಪು ಮಾತ್ರ ಹಾಗೆಯೇ ಇದೆ. ಎಂಜಿನ್ ಕಡೆಗಿರುವ ಮಗ್ಗುಲಲ್ಲಿ ಹೊಳಪು ತುಸು ಮಾಸಿದೆ, ತುಕ್ಕು ಎಲ್ಲಿಯೂ ಕಂಡಿಲ್ಲ.

ಜೋಡಿಸಿದ ಮೇಲೆ ಮೇಜಿನ ಮೇಲೆ ಡಿ ಮತ್ತು ಎಫ್ ಸೇರಿಸಿ ಬ್ಯಾಟರಿ ಕೊಟ್ಟಾಗ ಡೈನಮೋ ಮೋಟರಿನಂತೆ ನಿಧಾನವಾಗಿ, ಸದ್ದಿಲ್ಲದೆ ತಿರುಗಿತು. ಇದಾದ ಮೇಲೆ ಮಾಡಲೇಬೇಕಾದ ಒಂದು ಕೆಲಸವನ್ನು ಹೊಸ ತಲೆಮಾರಿನ ಅನೇಕ ಎಲೆಕ್ಟ್ರಿಷಿಯನ್ನರು ಮರೆಯುತ್ತಾರೆ. ನಮ್ಮ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿದೆ, ಅಂದರೆ ಪಾಸಿಟಿವ್ ಅರ್ಥ್. ಅಂಗಡಿಯ ಮೇಜಿನಲ್ಲಿ ನೆಗೆಟಿವ್ ಅರ್ಥ್ ಕೊಟ್ಟು ಪರೀಕ್ಷಿಸಿದ ಡೈನಮೋದ ಪೋಲ್‌ಗಳಲ್ಲಿ ಉಳಿದ ಕಾಂತತೆ ತಿರುವುಮುರುವಾಗಿರುತ್ತದೆ. ಹಾಗೆಯೇ ಕಾರಿಗೆ ಹಾಕಿದರೆ ಕಟೌಟ್‌ನ ಕಾಂಟ್ಯಾಕ್ಟ್‌ಗಳು ಸುಟ್ಟು ಅಂಟಿಕೊಳ್ಳಬಹುದು. ಡೈನಮೋವನ್ನು ಕಾರಿಗೆ ಕೂರಿಸಿ, ವೈರುಗಳನ್ನು ಸೇರಿಸುವ ಮೊದಲು ಬ್ಯಾಟರಿಯ ಅರ್ಥ್ ಆಗದ ತುದಿಯಿಂದ ಎಫ್ ಟರ್ಮಿನಲ್‌ಗೆ ಒಂದು ತಂತಿಯನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ಸಣ್ಣ ಕಿಡಿ ಹಾರಿದರೆ ಕೆಲಸ ಮುಗಿಯಿತು. ಕಟೌಟ್ ಪೆಟ್ಟಿಗೆಯೊಳಗಿನ ವೋಲ್ಟೇಜ್ ರೆಗ್ಯುಲೇಟರನ್ನು ಲೋಡ್ ಇಲ್ಲದೆ 20 ಡಿಗ್ರಿ ಶಾಖದಲ್ಲಿ 16.0 ರಿಂದ 16.6 ವೋಲ್ಟ್ ಎಂಬ ಆರ್‌ಬಿ 106 ಪೆಟ್ಟಿಗೆಯ ಅಳತೆಗೆ ಹೊಂದಿಸಿದರು. ಈ ಹೊಂದಾಣಿಕೆಯನ್ನು ಅರ್ಧ ನಿಮಿಷದೊಳಗೆ ಮುಗಿಸಬೇಕು, ಇಲ್ಲವಾದರೆ ಒಳಗಿನ ಕಾಯಿಲ್ ಬಿಸಿಯಾಗಿ ಸುಳ್ಳು ಅಳತೆ ತೋರಿಸುತ್ತದೆ.

ದಿನಬಳಕೆಯಲ್ಲಿ ಹೇಗಿದೆ ಎಂದು ಕೇಳುವವರಿಗೆ: ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಿಣುಕುತ್ತದೆ, ಹೆಡ್‌ಲೈಟ್ ತುಸು ಮಂಕಾಗುತ್ತದೆ, ಕಾರು ಹೊರಟ ಕೂಡಲೇ ಎರಡೂ ಸರಿಹೋಗುತ್ತವೆ. ಇದು ಡೈನಮೋದ ಸ್ವಭಾವ, ದೋಷವಲ್ಲ. ರಾತ್ರಿ ಮಳೆಯಲ್ಲಿ ಸಕಲೇಶಪುರದ ಕಡೆ ಹೋಗುವಾಗಲೂ ಚಾರ್ಜಿಂಗ್ ಕೈಕೊಟ್ಟಿಲ್ಲ. ಎರಡು 45 ವಾಟ್ ಹೆಡ್‌ಲೈಟುಗಳಿಗೆ ಏಳೂವರೆ ಆಂಪಿಯರ್, ಸಣ್ಣ ದೀಪಗಳು, ಇಗ್ನಿಷನ್ ಕಾಯಿಲ್, ವೈಪರ್ ಎಲ್ಲ ಸೇರಿ ಹದಿನೈದು ಹದಿನಾರು ಆಂಪಿಯರ್ ಎಂದಿಟ್ಟುಕೊಂಡರೂ 22ರ ಮಿತಿಯೊಳಗೇ ಇರುತ್ತದೆ. ಇದರ ಮೇಲೆ 55 ವಾಟಿನ ಒಂದು ಜೊತೆ ಹ್ಯಾಲೊಜನ್ ಫಾಗ್ ಲ್ಯಾಂಪ್ ಸೇರಿಸಿದರೆ ಇನ್ನೂ ಒಂಬತ್ತು ಆಂಪಿಯರ್ ಬೇಕು, ಲೆಕ್ಕ ತಪ್ಪುತ್ತದೆ. ಏಸಿ ಅಥವಾ ಜೋರಾದ ದೀಪಗಳು ಬೇಕೆನ್ನುವವರು ಡೈನಮೋ ಬದಲು ಹೆಚ್ಚು ವಿದ್ಯುತ್ ಕೊಡುವ ಆಲ್ಟರ್ನೇಟರ್ ಹಾಕಿಸಿಕೊಳ್ಳುವುದೇ ಸರಿ. ಅದರಲ್ಲಿ ನನಗೆ ತಕರಾರಿಲ್ಲ. ಕಾರನ್ನು ಬಂದ ಹಾಗೆಯೇ ಉಳಿಸಿಕೊಳ್ಳಬೇಕೆನ್ನುವವರಿಗೆ ಮಾತ್ರ ಆ ಖರ್ಚು ಬೇಕಿಲ್ಲ. ನನಗೆ ಆಲ್ಟರ್ನೇಟರ್ ಪರಿವರ್ತನೆಗೆ ಹೇಳಿದ್ದ ಮೊತ್ತದ ಸುಮಾರು ಅರ್ಧದಲ್ಲಿ ಈ ಕೆಲಸ ಮುಗಿಯಿತು.

ಅಂಗಡಿಯ ಸೇವೆಯ ಬಗ್ಗೆ ಒಂದು ದೂರು, ಒಂದು ಮೆಚ್ಚುಗೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ತಡವಾಗುತ್ತದೆ ಎಂದು ಅವರಾಗಿ ಫೋನೂ ಮಾಡಲಿಲ್ಲ. ಆದರೆ ಹಳೆಯ ಬ್ರಷ್, ಬುಷ್, ಬೇರಿಂಗ್, ಕಡೆಗೆ ಬಿಚ್ಚಿದ ತಾಮ್ರದ ತಂತಿಯನ್ನೂ ಒಂದು ಚೀಲದಲ್ಲಿ ಹಾಕಿ ಕೈಗಿತ್ತರು. ಏನು ಬದಲಾಯಿತು ಎಂಬುದಕ್ಕೆ ಬಿಲ್ಲಿಗಿಂತ ಆ ಚೀಲವೇ ಹೆಚ್ಚು ನಂಬಿಕೆಯ ಸಾಕ್ಷಿ.

ಮೊನ್ನೆ ಹಿಂದಿನ ಮುಚ್ಚಳ ತೆಗೆಸಿ ನೋಡಿದಾಗ ಕಮ್ಯುಟೇಟರ್ ಮೇಲೆ ಸಮನಾದ ಕಂದು ಬಣ್ಣದ ಪೊರೆ ಕೂತಿತ್ತು, ಯೋಕಿನ ಒಳಮೈಯಲ್ಲಿ ಸೀಸದ ಹನಿಯ ಸುಳಿವಿರಲಿಲ್ಲ, ಬ್ರಷ್‌ಗಳು ಅರ್ಧಕ್ಕಿಂತ ಹೆಚ್ಚೇ ಉಳಿದಿವೆ. 7 ಮಿಲಿಮೀಟರ್‌ಗೆ ಇಳಿಯುವ ಮೊದಲು ಅವನ್ನು ಬದಲಿಸಬೇಕು. ಆಗಲೇ ಮುಂದಿನ ಬ್ರಾಕೆಟ್‌ನ ಬಣ್ಣವನ್ನು ಪೂರ್ತಿ ತೆಗೆಸಿ, ಅಲ್ಯೂಮಿನಿಯಂ ಅನ್ನು ಬರಿದಾಗಿಯೇ ಬಿಡಿಸುತ್ತೇನೆ.