ಗ್ರೈಮ್ಸ್ ದನಿ ಬಾಡಿಗೆಗಿದೆ, ಅರ್ಧಕ್ಕರ್ಧ: ಎಲ್ಫ್ ಟೆಕ್ ರಿವ್ಯೂ

ಎಐ ವಾಯ್ಸ್ ಟೂಲ್ ರಿವ್ಯೂ ಅಂದ್ರೆ ಎಲ್ರೂ ಸೌಂಡ್ ಬಗ್ಗೆನೇ ಮಾತಾಡ್ತಾರೆ, ಒರಿಜಿನಲ್ ಥರಾನೇ ಇದೆ ಗುರು, ಗೊತ್ತೇ ಆಗಲ್ಲ ಅಂತ. ನಂಗೆ ಅದಕ್ಕಿಂತ ಟರ್ಮ್ಸ್ ಮುಖ್ಯ. ಯಾರ ದನಿ, ಅವರು ಹೂಂ ಅಂದಿದಾರಾ, ದುಡ್ಡು ಬಂದ್ರೆ ಯಾರಿಗೆಷ್ಟು. ಆ ಲೆಕ್ಕದಲ್ಲಿ ಕೆನಡಾದ ಸಿಂಗರ್ ಗ್ರೈಮ್ಸ್ 2023ರಲ್ಲಿ ಬಿಟ್ಟ ಎಲ್ಫ್ ಟೆಕ್, ಅಂದ್ರೆ ನಿಮ್ಮ ಹಾಡನ್ನ ಅವಳ ದನಿಗೆ ಬದಲಿಸೋ ಎಐ ಟೂಲ್, ಇದೆಯಲ್ಲ, ನಾನು ಓದಿರೋದ್ರಲ್ಲಿ ಅದರಷ್ಟು ನೇರವಾದ ಡೀಲ್ ಇನ್ನೊಂದಿಲ್ಲ.

ಆ ಟೈಮ್ ನೆನಪಿರಬಹುದು. 2023ರ ಏಪ್ರಿಲ್‌ನಲ್ಲಿ ಡ್ರೇಕ್ ಮತ್ತೆ ದಿ ವೀಕೆಂಡ್ ಅನ್ನೋ ಸಿಂಗರ್‌ಗಳ ದನಿನ ಎಐನಲ್ಲಿ ನಕಲು ಮಾಡಿದ ಹಾಡೊಂದು ಸಿಕ್ಕಾಪಟ್ಟೆ ಓಡ್ತು, ಯೂನಿವರ್ಸಲ್ ಮ್ಯೂಸಿಕ್‌ನವರು ತಕರಾರು ತೆಗೆದ್ರು, ಸ್ಪಾಟಿಫೈ ಯೂಟ್ಯೂಬ್ ಎಲ್ಲಾ ಕಡೆಯಿಂದ ಎತ್ತಂಗಡಿ ಆಯ್ತು. ಅದೇ ತಿಂಗಳು ಗ್ರೈಮ್ಸ್ ಟ್ವಿಟರ್‌ನಲ್ಲಿ ನನ್ನ ದನಿ ಬಳಸಿ ಹಾಡು ಮಾಡ್ಕೊಳಿ, ಓಡಿದ್ರೆ ರಾಯಲ್ಟಿಲಿ ಅರ್ಧ ನಂದು ಅಂದುಬಿಟ್ಲು. ನಂಗ್ಯಾವ ಲೇಬಲ್ಲೂ (ಅಂದ್ರೆ ರೆಕಾರ್ಡ್ ಕಂಪನಿ) ಇಲ್ಲ, ಕಾನೂನು ಕಟ್ಟುಪಾಡೂ ಇಲ್ಲ ಅಂತಾನೂ ಹೇಳಿದ್ಲು. ಇಡೀ ಡೀಲ್ ನಿಂತಿರೋದು ಆ ಮಾತಿನ ಮೇಲೆ. ಬೇರೆ ಸಿಂಗರ್‌ಗಳು ಹಾಗನ್ನೋಕೆ ಹೋದ್ರೆ ಅವರ ಕಂಪನಿ ವಕೀಲರೇ ಮೊದಲು ಫೋನ್ ಮಾಡ್ತಾರೆ.

ಟೂಲ್ ಕೆಲಸ ಮಾಡೋದು ಸಿಂಪಲ್. ನೀವು ಹಾಡಿರೋದನ್ನ ಅಪ್‌ಲೋಡ್ ಮಾಡಿ, ಇಲ್ಲ ಅಲ್ಲೇ ಮೈಕಿಗೆ ಹಾಡಿ, ಅದು ಗ್ರೈಮ್ಸ್ ದನಿಯಾಗಿ ವಾಪಸ್ ಬರುತ್ತೆ. ಸಾಹಿತ್ಯ ಟೈಪ್ ಮಾಡಿ ಕಾಫಿ ಕುಡ್ಕೊಂಡ್ ಬರೋದಲ್ಲ. ಇಂಥ ಟೂಲ್‌ಗಳು ಬದಲಿಸೋದು ಕಂಠ ಮಾತ್ರ, ಶ್ರುತಿ ತಾಳ ಗಮಕ ಎಲ್ಲಾ ನಿಮ್ದೇ, ಅಪಸ್ವರ ಹಾಡಿದ್ರೆ ಗ್ರೈಮ್ಸ್ ದನಿಲಿ ಅಪಸ್ವರ ಸಿಗುತ್ತೆ ಅಷ್ಟೇ. ಇದು ನಂಗಿಷ್ಟ, ಹಾಡೋರಿಗೆ ಇನ್ನೂ ಕೆಲಸ ಉಳಿದಿದೆ ಅಂತಾಯ್ತಲ್ಲ.

ಈಗ ಟರ್ಮ್ಸ್‌ಗೆ ಬರೋಣ. ಹಾಡನ್ನ ಕಮರ್ಷಿಯಲ್ ಆಗಿ ರಿಲೀಸ್ ಮಾಡೋದಾದ್ರೆ ಮಾಸ್ಟರ್ ರೆಕಾರ್ಡಿಂಗ್ (ರೆಕಾರ್ಡ್ ಆಗಿ ರೆಡಿಯಾದ ಹಾಡು) ರಾಯಲ್ಟಿಲಿ ಶೇ. 50 ಅವಳಿಗೆ, ಕ್ರೆಡಿಟ್‌ನಲ್ಲಿ ಗ್ರೈಮ್ಸ್ ಎಐ ಅಂತ ಹೆಸರು. ರಾಗ ಸಂಯೋಜನೆ ಸಾಹಿತ್ಯ ನಿಮ್ದಾದ್ರೆ ಅದ್ರ ಹಕ್ಕು ನಿಮ್ದೇ. ಟ್ಯೂನ್‌ಕೋರ್ ಅನ್ನೋ ಹಾಡು ಹಂಚೋ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು ಅಲ್ಲಿಂದಾನೇ ಹಾಡು ಸ್ಟ್ರೀಮಿಂಗ್‌ಗೆ ಹೋಗೋ ದಾರೀನೂ ಮಾಡಿದ್ರು. ತೀರಾ ವಿಷ ಕಾರೋ ಸಾಹಿತ್ಯ ಇದ್ರೆ ಮಾತ್ರ ಕಿತ್ತುಹಾಕಿಸ್ತೀನಿ ಅಂತ ಮೊದಲೇ ಹೇಳಿದ್ಲು. ಫೀಚರಿಂಗ್‌ಗೆ ದೊಡ್ಡ ಸಿಂಗರ್‌ನ ಕರೆದ್ರೆ ಮುಂಗಡ ಎಣಿಸಬೇಕು, ಇಲ್ಲಿ ಮುಂಗಡ ಸೊನ್ನೆ.

ಇದಕ್ಕಿಂತ ಮುಂಚೆ, 2021ರಲ್ಲಿ, ಹಾಲಿ ಹೆರ್ಂಡನ್ ಅನ್ನೋ ಸಂಗೀತಗಾರ್ತಿ ಹಾಲಿ ಪ್ಲಸ್ ಅಂತ ಮಾಡಿದ್ಲು. ಯಾವುದೇ ಆಡಿಯೋ ಹಾಕಿ, ಅವಳ ದನಿಲಿ ಹಾಡಿ ಕೊಡುತ್ತೆ. ಅಧಿಕೃತ ಕೃತಿ ಅಂತ ಮಾರಾಟ ಆದ್ರೆ ಮಾಡಿದವರಿಗೆ ಶೇ. 50, ಮೇಲ್ವಿಚಾರಣೆ ಮಾಡೋ ಗುಂಪಿಗೆ ಶೇ. 40, ಅವಳಿಗೆ ಬರೀ ಶೇ. 10. ಯೋಚನೆಯ ಲೆವೆಲ್‌ನಲ್ಲಿ ಇದು ಗ್ರೈಮ್ಸ್‌ಗಿಂತ ಒಂದು ಕೈ ಮೇಲೆ, ಆದ್ರೆ ಕ್ರಿಪ್ಟೋ, ವೋಟಿಂಗ್ ಅಂತೆಲ್ಲಾ ಸೇರಿ ಸಾಮಾನ್ಯ ಮ್ಯೂಸಿಶಿಯನ್‌ಗೆ ತಲೆ ಕೆಡುತ್ತೆ. ಯೂಟ್ಯೂಬ್‌ನ ಡ್ರೀಮ್ ಟ್ರ್ಯಾಕ್ 2023ರ ನವೆಂಬರ್‌ನಲ್ಲಿ ಬಂತು, ಜಾನ್ ಲೆಜೆಂಡ್, ಸಿಯಾ, ಟಿ-ಪೇನ್ ಸೇರಿ ಒಂಬತ್ತು ಜನ ಒಪ್ಪಿ ದನಿ ಕೊಟ್ರು. ಆದ್ರೆ ಶಾರ್ಟ್ಸ್‌ಗೆ 30 ಸೆಕೆಂಡ್ ಅಷ್ಟೇ, ಅದೂ ಮೊದಲಿಗೆ ಅಮೆರಿಕದ ಬೆರಳೆಣಿಕೆಯ ಕ್ರಿಯೇಟರ್‌ಗಳಿಗೆ. ಆಟಿಕೆ.

ನಮ್ಮ ಕಡೆ ಇದು ಯಾವಾಗ ಬರುತ್ತೋ. ಇಲ್ಲಿ ಸದ್ಯಕ್ಕೆ ಒಬ್ಬೊಬ್ಬರ ಒಳ್ಳೇತನ, ಇಲ್ಲಾಂದ್ರೆ ಕೋರ್ಟು. ರೆಹಮಾನ್ 2024ರಲ್ಲಿ ಲಾಲ್ ಸಲಾಂ ಚಿತ್ರದ ಹಾಡಿಗೆ ತೀರಿಹೋದ ಗಾಯಕರಾದ ಬಂಬಾ ಬಾಕ್ಯಾ, ಶಾಹುಲ್ ಹಮೀದ್ ದನಿನ ಎಐನಲ್ಲಿ ತಂದಾಗ ಮನೆಯವರ ಒಪ್ಪಿಗೆ ತಗೊಂಡು ಸಂಭಾವನೆ ಕೊಟ್ಟಿದೀವಿ ಅಂದ್ರು, ಸರಿ. ಅದೇ ಹೊತ್ತಲ್ಲಿ ಎಸ್‌ಪಿಬಿ ದನಿನ ಕೇಳದೆ ತೆಲುಗು ಸಿನಿಮಾದಲ್ಲಿ ಬಳಸಿದಾರೆ ಅಂತ ಮಗ ಚರಣ್ ಲೀಗಲ್ ನೋಟಿಸ್ ಕೊಡಬೇಕಾಯ್ತು. ಅರಿಜಿತ್ ಸಿಂಗ್ 2024ರ ಜುಲೈನಲ್ಲಿ ತಮ್ಮ ದನಿನ ಎಐನಲ್ಲಿ ನಕಲು ಮಾಡೋದಕ್ಕೆ ಬಾಂಬೆ ಹೈಕೋರ್ಟಿಂದ ತಡೆ ತಂದ್ರು. ಕನ್ನಡದಲ್ಲಂತೂ ಅಣ್ಣಾವ್ರ ದನಿ, ಎಸ್‌ಪಿಬಿ ದನಿ ರೀಲ್ಸ್‌ನಲ್ಲಿ ಬಿಟ್ಟಿ ಓಡಾಡ್ತಿದೆ, ಕೆಳಗೆ ನಾವೇ ಹಾರ್ಟ್ ಹಾಕ್ತೀವಿ. ಗ್ರೈಮ್ಸ್ ಥರ ಡೀಲ್ ಕೊಡ್ತೀನಿ ಅಂತ ಇಲ್ಲಿಯ ಇಂಡಿಪೆಂಡೆಂಟ್ ಸಿಂಗರ್ ಯಾರಾದ್ರೂ ಹೇಳಿದ್ರೆ ಮೊದಲ ಗಿರಾಕಿ ನಾನೇ, ಳ ಣ ಸರಿಯಾಗಿ ಬರೋ ಕನ್ನಡದ ಕಂಠ ಬೇಕಲ್ಲಪ್ಪ.

ರೇಟಿಂಗ್ ಕೇಳಿದ್ರೆ ಐದಕ್ಕೆ ನಾಲ್ಕು. ಒಂದು ಕಟ್ ಮಾಡಿದ್ದು ಆ ಅರ್ಧಕ್ಕೆ. ಒಬ್ರೇ ಬೆಡ್‌ರೂಮಲ್ಲಿ ಕೂತು ಮಾಡೋರಿಗೆ ಪರವಾಗಿಲ್ಲ, ಆದ್ರೆ ಒಬ್ಬ ಟ್ರ್ಯಾಕ್ ಮಾಡಿ ಇನ್ನೊಬ್ಬಳು ಹಾಡಿದ್ರೆ ಇಬ್ರಿಗೂ ಕಾಲು ಕಾಲು ಭಾಗ, ಅದ್ರಲ್ಲಿ ಮಿಕ್ಸಿಂಗ್ ಮಾಡಿದವನಿಗೆ ಏನು ಕೊಡ್ತೀರಾ.